'ಪ್ರೆಸ್ತೋಮೆ ಮುಂಚೋ' ಅಂದರೆ ಸಾಲದ ಮಾತಲ್ಲ

ಹಿಹೋನ್ ಊರಿನ ಗೆಳತಿ ಊಟ ಮುಗಿದ ಮೇಲೆ ಕಳಿಸಿದ 'ಪ್ರೆಸ್ತೋಮೆ ಮುಂಚೋ' ಅಂದರೆ ಏನು ಅಂತ ಕೇಳಿದ್ದೀರಿ. ನಿಮ್ಮ ಅನುವಾದದ ಆ್ಯಪ್ ಅದನ್ನು ಸ್ಪ್ಯಾನಿಷ್ ಅಂದುಕೊಂಡಿರಬೇಕು, ಅದಕ್ಕೇ 'ತುಂಬಾ ಸಾಲ ಕೊಟ್ಟಿತು' ಅಂತ ತೋರಿಸಿದೆ. ಆದರೆ ಅದು ಅಸ್ತೂರಿಯನ್, ಅಂದರೆ ಹಿಹೋನ್ ಇರುವ ಉತ್ತರ ಸ್ಪೇನ್‌ನ ಅಸ್ತೂರಿಯಾಸ್ ಪ್ರದೇಶದ ಭಾಷೆ. 'ನನಗೆ ತುಂಬಾ ಖುಷಿಯಾಯಿತು' ಅಂತ ಅರ್ಥ.

ಯಾವ ಅರ್ಥ ಅಂತ ತಿಳಿಯಲು ಮೊದಲು 'ಮೆ' (ನನಗೆ) ಎಲ್ಲಿದೆ ನೋಡಿ. ಸ್ಪ್ಯಾನಿಷ್‌ನಲ್ಲಿ 'ಮೆ ಪ್ರೆಸ್ತೋ', ಅಸ್ತೂರಿಯನ್‌ನಲ್ಲಿ ಅದು ಕ್ರಿಯಾಪದದ ಕೊನೆಗೆ ಅಂಟಿಕೊಳ್ಳುತ್ತದೆ. ಅಷ್ಟೇ ಸಾಲದು, ಯಾಕಂದ್ರೆ ಅಲ್ಲಿನವರು ಸ್ಪ್ಯಾನಿಷ್ ಮಾತಾಡುವಾಗಲೂ ಈ 'ಪ್ರೆಸ್ತಾರ್' ಕ್ರಿಯಾಪದವನ್ನು ಖುಷಿಯ ಅರ್ಥದಲ್ಲೂ ಬಳಸುತ್ತಾರೆ. ಹಾಗಾಗಿ ಆಮೇಲೆ ಕರ್ತೃ ಯಾರು ಅಂತ ನೋಡಿ. ಯಾರೋ ಪುಸ್ತಕ ಕೊಟ್ಟಿದ್ದರೆ ಸಾಲ, ಊಟವೋ ಹಾಡೋ ಆಗಿದ್ದರೆ ಖುಷಿ. 'ಪ್ರೆಸ್ತಮೆ ಲ ಸಿದ್ರ' ಅಂದರೆ ಸೇಬಿನ ಮದ್ಯ ನನಗೆ ಇಷ್ಟವಾಗುತ್ತದೆ ಅಂತ, ನಮ್ಮ ಕನ್ನಡ ವಾಕ್ಯದ ಥರಾನೇ ಅಲ್ವಾ!

ಸಾಲ, ಖುಷಿ ಎರಡು ಅರ್ಥಕ್ಕೂ ಮೂಲ ಲ್ಯಾಟಿನ್‌ನ 'ಪ್ರೈಸ್ತಾರೆ': ಮುಂದೆ ನಿಲ್ಲು, ಎದ್ದು ಕಾಣು, ಒದಗಿಸು. ಒದಗಿಸುವುದು ಸ್ಪ್ಯಾನಿಷ್‌ನಲ್ಲಿ ಸಾಲ ಕೊಡುವುದಾಯಿತು. ಪಕ್ಕದ ಪೋರ್ಚುಗೀಸ್‌ನಲ್ಲಿ ಇದೇ ಪದಕ್ಕೆ 'ಉಪಯೋಗಕ್ಕೆ ಬರು' ಅನ್ನುವ ಅರ್ಥ ಇದೆ, ಅಲ್ಲಿಂದ 'ಹಿತವಾಗು' ಜಾಸ್ತಿ ದೂರವಿಲ್ಲ. ಸಾಲಕ್ಕೆ ಅಸ್ತೂರಿಯನ್‌ನಲ್ಲಿ 'ಎಂಪ್ರೆಸ್ತಾರ್' ಇದೆ.

ಅವರಿಗೆ ಹಿಡಿಸಿದ್ದು ಊಟವೋ ನಿಮ್ಮ ಜೊತೆಯೋ ಅಂತ ಈ ಎರಡು ಪದದಿಂದ ಹೇಳಲಾಗದು. 'ಅ ಮಿನ್ ತಮಿಯೆನ್' ಅಂತ ಉತ್ತರ ಕಳಿಸಿ, 'ನನಗೂ' ಅಂತ.