ಈಜುಕೊಳಕ್ಕೆ ಪ್ರತ್ಯೇಕ ಬೇಲಿ ಬೇಕೇ?

ಪ್ರಶ್ನೆ: ಮನೆಯ ಹಿತ್ತಲಿನಲ್ಲಿ ಈಜುಕೊಳ ಕಟ್ಟಿಸುತ್ತಿದ್ದೇವೆ. ಎತ್ತರದ ಕಾಂಪೌಂಡ್ ಇದ್ದರೂ ಕೊಳದ ಸುತ್ತ ಬೇರೆಯೇ ಬೇಲಿ ಹಾಕಬೇಕೆಂದು ಎಂಜಿನಿಯರ್ ಹೇಳುತ್ತಿದ್ದಾರೆ. ಇದು ಅಗತ್ಯವೇ? ಮನೆಯಲ್ಲಿ ಮೂರು ವರ್ಷದ ಮಗುವಿದೆ.

ಉತ್ತರ: ಅಗತ್ಯವೇ ಹೌದು. ಕಾಂಪೌಂಡ್ ಹೊರಗಿನವರನ್ನು ತಡೆಯುತ್ತದೆಯೇ ಹೊರತು, ಅಡುಗೆಮನೆಯ ಹಿಂಬಾಗಿಲಿನಿಂದ ಸದ್ದಿಲ್ಲದೆ ಹೊರಬಂದ ಮಗುವನ್ನಲ್ಲ. ಕೊಳವನ್ನು ನಾಲ್ಕೂ ಕಡೆಯಿಂದ ಸುತ್ತುವರಿದು ಮನೆಯಿಂದಲೂ ಬೇರ್ಪಡಿಸುವ ಬೇಲಿಯೇ ಮೇಲು.

ನಿಯಮಗಳು ಊರಿಂದೂರಿಗೆ ಬದಲಾಗುವುದರಿಂದ, ಕಟ್ಟಡ ಪರವಾನಗಿ ನೀಡುವ ಸ್ಥಳೀಯ ಸಂಸ್ಥೆಯಲ್ಲಿ ಮೊದಲೇ ವಿಚಾರಿಸಿ. ಅಂದಾಜಿಗೆ ಹೇಳುವುದಾದರೆ, ಆಸ್ಟ್ರೇಲಿಯದ ಮಾನದಂಡದಂತೆ ಬೇಲಿ ಕನಿಷ್ಠ 1,200 ಮಿಲಿಮೀಟರ್ ಎತ್ತರವಿರಬೇಕು, ಅದರ ಕೆಳಗಿನ ಸಂದು 100 ಮಿಲಿಮೀಟರ್ ಮೀರಬಾರದು. ಅಮೆರಿಕದ ಮಾದರಿ ಸಂಹಿತೆಯು (ಸ್ಥಳೀಯ ಸಂಸ್ಥೆಗಳು ಅಳವಡಿಸಿಕೊಳ್ಳಲೆಂದು ರೂಪಿಸಿದ ನಿಯಮಾವಳಿ) 48 ಇಂಚು ಎತ್ತರವನ್ನೂ, 4 ಇಂಚಿನ ಚೆಂಡು ತೂರದಂಥ ಸಂದುಗಳನ್ನೂ ಕೇಳುತ್ತದೆ. ಫ್ರಾನ್ಸಿನ 2003ರ ಕಾನೂನು ಬೇಲಿ, ಅಲಾರಾಂ, ಹೊದಿಕೆ ಅಥವಾ ಮುಚ್ಚಿದ ಚಾವಣಿಗಳಲ್ಲಿ ಒಂದಿದ್ದರೆ ಸಾಕೆನ್ನುತ್ತದೆ. ನನ್ನ ಅಭಿಪ್ರಾಯದಲ್ಲಿ ಅಲಾರಾಂ ಒಂದನ್ನೇ ನೆಚ್ಚುವುದು ಸರಿಯಲ್ಲ, ಏಕೆಂದರೆ ಮಗು ನೀರಿಗೆ ಬಿದ್ದ ಮೇಲೆಯೇ ಅದು ಕೂಗುವುದುಂಟು.

ಬೇಲಿಗಿಂತ ಗೇಟಿನಲ್ಲೇ ಎಡವಟ್ಟು ಹೆಚ್ಚು. ಅದು ಕೊಳದಿಂದ ಹೊರಮುಖವಾಗಿ ತೆರೆಯಬೇಕು, ತಾನಾಗಿಯೇ ಮುಚ್ಚಿಕೊಂಡು ಚಿಲಕ ಬೀಳಬೇಕು. ಗೇಟನ್ನು ಒಂದು ಗೇಣು ಮಾತ್ರ ತೆರೆದು ಕೈಬಿಟ್ಟು ನೋಡಿ. ಚಿಲಕ ಟಕ್ಕೆಂದು ಬೀಳದಿದ್ದರೆ ಸ್ಪ್ರಿಂಗನ್ನು ಬಿಗಿಗೊಳಿಸಬೇಕು ಇಲ್ಲವೇ ಬದಲಿಸಬೇಕು. ಬೇಲಿಯ ಪಕ್ಕದಲ್ಲಿ ಕುರ್ಚಿ, ಹೂಕುಂಡ, ಮೋಟರಿನ ಪೆಟ್ಟಿಗೆ ಯಾವುದೂ ಬೇಡ, ಅವೆಲ್ಲ ಮಗುವಿಗೆ ಮೆಟ್ಟಿಲುಗಳೇ. ಕೊಳಕ್ಕೆ ಮೊದಲ ಸಲ ನೀರು ತುಂಬಿಸುವ ಮುನ್ನವೇ ಈ ಕೆಲಸವೆಲ್ಲ ಮುಗಿದಿರಲಿ.