ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ: ಹದಿನಾರು ಗಂಟೆಯೋ, ಎರಡೂವರೆ ಗಂಟೆಯೋ?

ಪ್ರಶ್ನೆ: ಡಿಸೆಂಬರಿನಲ್ಲಿ ನಾನೂ ನನ್ನ ಪತ್ನಿಯೂ ಮಗಳ ಮನೆಗೆ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದೇವೆ. ದೂರ ಸುಮಾರು 14,000 ಕಿ.ಮೀ., ವಿಮಾನದ ವೇಗ ಗಂಟೆಗೆ 900 ಕಿ.ಮೀ. ಎಂದರೆ ಹದಿನೈದೂವರೆ ಗಂಟೆ ಸಾಕಲ್ಲವೇ? ದುಬೈ ಮಾರ್ಗದಲ್ಲಿ ಇಪ್ಪತ್ತಮೂರು ಗಂಟೆ ಎನ್ನುತ್ತಾರೆ. ಹೋಗುವಾಗ ಅಂದೇ ತಲುಪುತ್ತೀರಿ, ಬರುವಾಗ ಮೂರನೆಯ ದಿನ ಇಳಿಯುತ್ತೀರಿ ಎಂದು ಮಗಳು ಹೇಳುತ್ತಾಳೆ. ಯಾವುದನ್ನು ನಂಬುವುದು?
– ನಿವೃತ್ತ ಶಿಕ್ಷಕರು, ತುಮಕೂರು

ಉತ್ತರ: ನಿಮ್ಮ ಭಾಗಾಕಾರ ಸರಿಯಾಗಿದೆ, ಮಗಳ ಮಾತೂ ಸರಿ. ಆ 14,000 ಕಿ.ಮೀ. ಎಂಬುದು ಭೂಗೋಳದ ಮೇಲೆ ಎರಡು ಊರುಗಳ ನಡುವೆ ದಾರವೊಂದನ್ನು ಬಿಗಿಯಾಗಿ ಎಳೆದು ಹಿಡಿದಾಗ ಸಿಗುವ ಅಳತೆ. ಶಾಲೆಯ ಗ್ಲೋಬಿನ ಮೇಲೆ ಹೀಗೆ ಹಿಡಿದು ನೋಡಿದರೆ, ದಾರವು ನಾವು ನಿರೀಕ್ಷಿಸುವಂತೆ ಪೆಸಿಫಿಕ್ ಸಾಗರದ ನಟ್ಟನಡುವೆ ಹಾಯದೆ, ಚೀನಾ ಮತ್ತು ಸೈಬೀರಿಯಾಗಳ ಮೇಲೆ ಉತ್ತರಕ್ಕೇರಿ ಅಲಾಸ್ಕದ ಕಡೆಯಿಂದ ಇಳಿಯುತ್ತದೆ. ಎರಡೂ ಊರುಗಳು ಭೂಮಿಯ ಹೆಚ್ಚುಕಡಿಮೆ ಎದುರುಬದುರು ಮಗ್ಗುಲಲ್ಲಿರುವುದರಿಂದ, ಉತ್ತರ ಧ್ರುವವನ್ನೇ ದಾಟಿ ಹೋದರೂ ಹೆಚ್ಚಾಗುವ ದೂರ 400 ಕಿ.ಮೀ.ಗಿಂತ ಕಡಿಮೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನವನ್ನು ತಂದದ್ದು ಧ್ರುವದ ಮೇಲಿನಿಂದಲೇ.

ಆದರೆ ವಿಮಾನ ದಾರದಂತೆ ಹಾರುವುದಿಲ್ಲ. ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಪ್ರವಾಹ ಚಳಿಗಾಲದಲ್ಲಿ ಗಂಟೆಗೆ 150–200 ಕಿ.ಮೀ. ವೇಗವನ್ನೂ ಮೀರುವುದುಂಟು, ಹೋಗುವಾಗ ಅದು ಬೆನ್ನಿಗೆ ನಿಲ್ಲುತ್ತದೆ, ಬರುವಾಗ ಎದೆಗೆ ಒದೆಯುತ್ತದೆ. ಟಿಕೆಟ್‌ನಲ್ಲಿ ಅಚ್ಚಾಗುವ ಅವಧಿಯಲ್ಲಿ ರನ್‌ವೇ ತನಕ ತೆವಳುವ ಹೊತ್ತೂ ಸೇರಿರುತ್ತದೆ. ಹೀಗಾಗಿ ನೇರ ವಿಮಾನಕ್ಕೆ ಹೋಗುವಾಗ ಹದಿನಾರು, ಬರುವಾಗ ಹದಿನೇಳೂವರೆ ಗಂಟೆ ಎಂದು ಇಟ್ಟುಕೊಳ್ಳಿ. ನೀವು ಹೊರಡುವ ದಿನ ನೇರ ವಿಮಾನ ಇದೆಯೇ ಎಂಬುದನ್ನು ಮಾತ್ರ ಮೊದಲೇ ವಿಚಾರಿಸಿ.

ದುಬೈ ಮಾರ್ಗದ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಬೆಂಗಳೂರಿನಿಂದ ದುಬೈ 2,700 ಕಿ.ಮೀ., ನಾಲ್ಕು ಗಂಟೆಯ ದಾರಿ. ಅಲ್ಲಿಂದ ಮುಂದೆ ಉಳಿಯುವುದು 13,000 ಕಿ.ಮೀ. ಅಂದರೆ ನಡುವೆ ಇಳಿದು ಹತ್ತಿದರೂ ಎರಡನೆಯ ಪಯಣ ನೇರ ವಿಮಾನದಷ್ಟೇ ದೀರ್ಘ. ಕಾಲು ಹಿಡಿದುಕೊಳ್ಳುವ ವಯಸ್ಸಿನವರಿಗೆ ಫ್ರಾಂಕ್‌ಫರ್ಟ್ ಮಾರ್ಗ ವಾಸಿ: 7,400 ಮತ್ತು 9,150 ಕಿ.ಮೀ. ಎಂದು ದಾರಿ ಬಹುಪಾಲು ಸಮನಾಗಿ ಒಡೆಯುತ್ತದೆ, ಒಟ್ಟು ದೂರ ಹೆಚ್ಚಾದರೂ.

ಇನ್ನು ದಿನದ ಲೆಕ್ಕ. ಡಿಸೆಂಬರಿನಲ್ಲಿ ಅಲ್ಲಿನ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ (ಬೇಸಿಗೆಯಲ್ಲಿ ಹನ್ನೆರಡೂವರೆ). ಸೋಮವಾರ ಮಧ್ಯಾಹ್ನ ಎರಡಕ್ಕೆ ಹೊರಟು ಹದಿನಾರು ಗಂಟೆ ಹಾರಿದರೆ, ಅಲ್ಲಿ ಇಳಿದಾಗ ಸೋಮವಾರ ಸಂಜೆ ನಾಲ್ಕೂವರೆ. ಮರಳುವಾಗ ಸೋಮವಾರ ರಾತ್ರಿ ಒಂಬತ್ತಕ್ಕೆ ಹೊರಟವರು ಬುಧವಾರ ಬೆಳಗಿನ ಜಾವ ನಾಲ್ಕಕ್ಕೆ ಕೆಂಪೇಗೌಡ ನಿಲ್ದಾಣದಲ್ಲಿರುತ್ತಾರೆ. ಮಂಗಳವಾರ ಆಕಾಶದಲ್ಲೇ ಕಳೆದುಹೋಗಿರುತ್ತದೆ. ಇಬ್ಬರಲ್ಲಿ ಯಾರಾದರೂ ಸಕ್ಕರೆ ಕಾಯಿಲೆಗೋ ರಕ್ತದೊತ್ತಡಕ್ಕೋ ಮಾತ್ರೆ ನುಂಗುವವರಿದ್ದರೆ, ಆ ದಿನದ ಮಾತ್ರೆಗಳನ್ನು ಯಾವ ಗಂಟೆಗೆ ತೆಗೆದುಕೊಳ್ಳಬೇಕೆಂದು ಹೊರಡುವ ಮುನ್ನವೇ ವೈದ್ಯರಿಂದ ಬರೆಸಿಕೊಳ್ಳಿ, ಮಾತ್ರೆಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ.