ರಟ್ಲೆಂಡ್‌ನಲ್ಲಿ ಒಂದು ದಿನ: ಬೆಳಿಗ್ಗೆ ಪೇಟೆ, ಮಧ್ಯಾಹ್ನ ನೀರಿನ ದಂಡೆ

ಪ್ರಶ್ನೆ: ಮೇಡಂ, ಜೂನ್‌ನಲ್ಲಿ ನಾವಿಬ್ಬರೂ ಮಗಳ ಮನೆಗೆ ಲೆಸ್ಟರ್‌ಗೆ ಹೊರಟಿದ್ದೇವೆ. ವಾರದ ದಿನ ಮಗಳು, ಅಳಿಯ ಇಬ್ಬರಿಗೂ ಆಫೀಸು. ಪಕ್ಕದ ರಟ್ಲೆಂಡ್ ತುಂಬಾ ಚಿಕ್ಕ ಜಿಲ್ಲೆ, ಒಂದೇ ದಿನದಲ್ಲಿ ಪೂರ್ತಿ ನೋಡಿ ಬರಬಹುದು ಅಂತ ಅಳಿಯ ಹೇಳುತ್ತಾರೆ. ನಾವಿಬ್ಬರೇ ಹೋಗಿ ಬರಬಹುದಾ? ನನಗೆ ಮಂಡಿ ನೋವು, ಮನೆಯವರಿಗೆ ಊಟದ ಚಿಂತೆ. ನಾವು ಸಸ್ಯಾಹಾರಿಗಳು.
— ಓದುಗರೊಬ್ಬರು, ಶಿರಸಿ

ಉತ್ತರ: ಧೈರ್ಯವಾಗಿ ಹೋಗಿ ಬನ್ನಿ. ಆದರೆ ಪೂರ್ತಿ ನೋಡುವ ಆಸೆ ಬಿಡಿ. ಇಂಗ್ಲೆಂಡಿನ ಹಳೇ ಜಿಲ್ಲೆಗಳಲ್ಲೆಲ್ಲ ರಟ್ಲೆಂಡ್ ಚಿಕ್ಕದು, ನಿಜ. ಸುಮಾರು 380 ಚದರ ಕಿಲೋಮೀಟರ್. 2021ರ ಜನಗಣತಿಯಲ್ಲಿ 41 ಸಾವಿರ ಜನ. ನಿಮ್ಮ ಶಿರಸಿ ಪೇಟೆಯಲ್ಲೇ ಅದಕ್ಕಿಂತ ಜಾಸ್ತಿ ಇದ್ದಾರೆ. ಹಾಗಂತ ಕಾರಿಲ್ಲದೆ ಹಳ್ಳಿ ಹಳ್ಳಿ ಸುತ್ತಲು ಹೊರಟರೆ ಬಸ್ಸು ಕಾಯುವುದರಲ್ಲೇ ದಿನ ಮುಗಿಯುತ್ತದೆ. ಬೆಳಿಗ್ಗೆ ಓಕಮ್ ಪೇಟೆ, ಮಧ್ಯಾಹ್ನ ರಟ್ಲೆಂಡ್ ವಾಟರ್ ಜಲಾಶಯ. ಇಷ್ಟೇ ಸಾಕು.

ಲೆಸ್ಟರ್‌ನಿಂದ ಓಕಮ್‌ಗೆ ನೇರ ರೈಲಿದೆ, ಅರ್ಧ ಗಂಟೆಯ ದಾರಿ. ಬುಧವಾರ ಹೋಗಿ. ಓಕಮ್‌ನಲ್ಲಿ ಬುಧವಾರ ಮತ್ತು ಶನಿವಾರ ಸಂತೆ. ನಮ್ಮ ಕಾರವಾರದ ಭಾನುವಾರದ ಸಂತೆಯ ಗದ್ದಲ ಅಲ್ಲಿ ಇರುವುದಿಲ್ಲ, ಆದರೆ ಊರಿನವರನ್ನು ನೋಡಲು, ನಾಲ್ಕು ಮಾತಾಡಲು ಅದೇ ಒಳ್ಳೆಯ ದಿನ. ಸಂತೆಯ ಹತ್ತಿರವೇ ಮರದ ಕಂಬಗಳ ಮೇಲೆ ನಿಂತ ಹಳೇ ಮಂಟಪವಿದೆ, ಬಟರ್‌ಕ್ರಾಸ್ ಅಂತ. ಅದರಡಿ ತಪ್ಪು ಮಾಡಿದವರ ಕಾಲು ಸಿಕ್ಕಿಸಿ ಕೂರಿಸುತ್ತಿದ್ದ ಹಲಗೆ ಇನ್ನೂ ಇದೆ. ಅದಕ್ಕೆ ಐದು ತೂತು! ಐದನೆಯ ಕಾಲು ಯಾರದು ಅಂತ ಯೋಚಿಸುತ್ತಾ ನಿಲ್ಲದವರೇ ಇಲ್ಲ.

ಅಲ್ಲೇ ಪಕ್ಕದಲ್ಲಿ ಓಕಮ್ ಕ್ಯಾಸಲ್. ಕೋಟೆ ಕೊತ್ತಲ ನಿರೀಕ್ಷಿಸಬೇಡಿ. ಉಳಿದಿರುವುದು 12ನೇ ಶತಮಾನದ ಕೊನೆಯಲ್ಲಿ ಕಟ್ಟಿದ ದೊಡ್ಡ ಕಲ್ಲಿನ ಹಜಾರ. ಒಳಗೆ ಕಾಲಿಟ್ಟರೆ ಗೋಡೆ ತುಂಬಾ ಕುದುರೆ ಲಾಳ. 200ಕ್ಕೂ ಹೆಚ್ಚು. ರಾಜಮನೆತನದವರು, ಲಾರ್ಡ್‌ಗಳು ಮೊದಲ ಸಲ ಈ ಊರಿಗೆ ಬಂದರೆ ಒಂದು ಲಾಳ ಒಪ್ಪಿಸಬೇಕು ಎಂಬುದು ಇಲ್ಲಿನ ಹಳೇ ಪದ್ಧತಿ. ಕೆಲವು ಲಾಳ ತುಂಬಾ ದೊಡ್ಡವು, ಮೇಲೆ ಕಿರೀಟದ ಕೆತ್ತನೆ. ಎಲ್ಲವನ್ನೂ ಬಾಯಿ ಕೆಳಗೆ ಮಾಡಿ ತೂಗುಹಾಕಿದ್ದಾರೆ. ಮೇಲ್ಮುಖ ಮಾಡಿದರೆ ಆ ಗುಂಡಿಯಲ್ಲಿ ಸೈತಾನ ಬಂದು ಕೂರುತ್ತಾನೆ ಎಂಬ ನಂಬಿಕೆಯಂತೆ. ಕ್ಯಾಸಲ್ ಯಾವ ದಿನ ತೆರೆದಿರುತ್ತದೆ ಅಂತ ಹೊರಡುವ ಮೊದಲು ಮಗಳ ಹತ್ತಿರ ನೋಡಿಸಿಕೊಳ್ಳಿ.

ಇನ್ನು ನೀರು. ನಾನು ಜಾಸ್ತಿ ಹೇಳಬೇಕಾದ್ದು ಇದರ ಬಗ್ಗೆಯೇ. ಗಣೇಶಗುಡಿಯಲ್ಲಿ ಕಾಳಿ ಯೋಜನೆಯ ಕಚೇರಿಯಲ್ಲಿ ಕೆಲಸ ಮಾಡಿದವಳು ನಾನು. ಕಾಳಿ ನದಿಯ ಅಣೆಕಟ್ಟಿಗೆ ಸೂಪಾ ಊರು ಮುಳುಗಿದ್ದು, ಅಲ್ಲಿಯ ಜನ ರಾಮನಗರಕ್ಕೆ ಹೋದದ್ದು ಕಡತದಲ್ಲೂ ಕಂಡಿದ್ದೇನೆ, ಜನರ ಬಾಯಲ್ಲೂ ಕೇಳಿದ್ದೇನೆ. ತಮ್ಮನ ಮನೆ ಲೆಸ್ಟರ್‌ನಲ್ಲಿ ಇರುವುದರಿಂದ ರಟ್ಲೆಂಡ್ ವಾಟರ್ ನೋಡುವುದಾಯಿತು. ಸಾಲಾಗಿ ಹಾಯಿದೋಣಿ, ಹುಲ್ಲು ಬೆಳೆದ ದಂಡೆ, ಸೈಕಲ್ ಹೊಡೆಯುವ ಮಕ್ಕಳು. ಮೊದಲಿನಿಂದಲೂ ಇದ್ದ ಕೆರೆ ಅನ್ನಿಸುತ್ತದೆ. ಅಲ್ಲ. 1970ರ ದಶಕದಲ್ಲಿ ಗ್ವಾಶ್ ಎಂಬ ಸಣ್ಣ ಹೊಳೆಗೆ ಎಂಪಿಂಗಮ್ ಹತ್ತಿರ ಮಣ್ಣಿನ ಅಣೆಕಟ್ಟು ಕಟ್ಟಿದರು. ನೆದರ್ ಹ್ಯಾಂಬಲ್ಟನ್ ಎಂಬ ಹಳ್ಳಿ ನೀರಿನಡಿ ಹೋಯಿತು. ಮಿಡ್ಲ್ ಹ್ಯಾಂಬಲ್ಟನ್ನಿನ ಬಹುಪಾಲೂ ಹೋಯಿತು. ಗುಡ್ಡದ ಮೇಲಿದ್ದ ಅಪ್ಪರ್ ಹ್ಯಾಂಬಲ್ಟನ್ ಮಾತ್ರ ಉಳಿದು, ಈಗ ಮೂರು ಕಡೆ ನೀರು ಸುತ್ತಿಕೊಂಡು ನಿಂತಿದೆ.

ನಾರ್ಮಂಟನ್ ಚರ್ಚನ್ನು ತಪ್ಪಿಸಬೇಡಿ. ಅದರ ನೆಲ ನೀರಿನ ಮಟ್ಟಕ್ಕಿಂತ ಕೆಳಗಾಗುತ್ತಿತ್ತು. ಕೆಡವುವುದು ಬೇಡ ಅಂತ ಊರಿನವರು ಹೋರಾಡಿದರು. ಕೊನೆಗೆ ಚರ್ಚಿನ ಕೆಳಗಿನ ಅರ್ಧಕ್ಕೆ ಕಲ್ಲು, ಕಾಂಕ್ರೀಟು ತುಂಬಿ, ಸುತ್ತ ಕಲ್ಲಿನ ದಿಬ್ಬ ಕಟ್ಟಿ ಉಳಿಸಿಕೊಂಡರು. ಹತ್ತಿರ ಹೋಗಿ ಕಿಟಕಿ ನೋಡಿ. ಎತ್ತರದ ಕಿಟಕಿಗಳು ಅರ್ಧಕ್ಕೇ ನೆಲ ಮುಟ್ಟುತ್ತವೆ. ಕೆಳಗಿನ ಅರ್ಧ ಎಲ್ಲಿ ಹೋಯಿತು ಅಂತ ಆಗ ತಿಳಿಯುತ್ತದೆ. ನಮ್ಮ ಸೂಪಾಕ್ಕೆ ಇಂಥ ಒಂದು ಗುರುತಾದರೂ ನೀರಿನ ಮೇಲೆ ಇರಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಶಿರಸಿಯವರಾದ ನಿಮಗೆ ಇನ್ನೊಂದು ಸಂಗತಿ ಹಿಡಿಸಬಹುದು. 1974ರಲ್ಲಿ ಸರ್ಕಾರ ರಟ್ಲೆಂಡ್ ಜಿಲ್ಲೆಯನ್ನೇ ತೆಗೆದು ಲೆಸ್ಟರ್‌ಶೈರ್‌ಗೆ ಸೇರಿಸಿತು. ಜನ ಒಪ್ಪಲಿಲ್ಲ. ಹೊಸ ಜಲಾಶಯಕ್ಕಾದರೂ ನಮ್ಮ ಹೆಸರಿರಲಿ ಅಂತ ಪಟ್ಟು ಹಿಡಿದರು. ಎಂಪಿಂಗಮ್ ಜಲಾಶಯ ಅಂತಿದ್ದದ್ದು ರಟ್ಲೆಂಡ್ ವಾಟರ್ ಆಯಿತು. 1997ರಲ್ಲಿ ಆಡಳಿತವೂ ವಾಪಸ್ ಬಂತು. ಪ್ರತ್ಯೇಕ ಶಿರಸಿ ಜಿಲ್ಲೆಯ ಕೂಗು ಕೇಳಿದವರಿಗೆ ಈ ಹಟ ಅರ್ಥವಾಗುತ್ತದೆ, ಅಲ್ವಾ?

ಮಂಡಿ ನೋವಿಗೆ: ಓಕಮ್ ಸ್ಟೇಷನ್ನಿನಿಂದ ನಾರ್ಮಂಟನ್‌ಗೆ ಟ್ಯಾಕ್ಸಿ ಮಾಡಿ, ಸುಮ್ನೆ ನಡೆಯಲು ಹೋಗಬೇಡಿ. ವಾಪಸ್ ಕರೆದುಕೊಂಡು ಹೋಗುವ ಹೊತ್ತನ್ನೂ ಅದೇ ಡ್ರೈವರ್ ಹತ್ತಿರ ಮಾತಾಡಿಕೊಳ್ಳಿ. ದಂಡೆಯ ದಾರಿ ಸಮತಟ್ಟಾಗಿದೆ, ಕೂರಲು ಬೆಂಚು ಇವೆ. ಗಾಳಿ ಮಾತ್ರ ಜೋರು. ಕೊಡೆ ನಿಲ್ಲುವುದಿಲ್ಲ, ಟೊಪ್ಪಿ ಇರುವ ಜರ್ಕಿನ್ ಹಾಕಿಕೊಳ್ಳಿ.

ಊಟಕ್ಕೆ ಬುತ್ತಿ ಕಟ್ಟಿಕೊಂಡು ಹೋಗುವುದೇ ನೆಮ್ಮದಿ. ಚಪಾತಿ, ಚಟ್ನಿಪುಡಿ, ಊರಿಂದ ಒಯ್ದ ಅಪ್ಪೆಮಿಡಿ ಉಪ್ಪಿನಕಾಯಿ. ದಾರಿಯಲ್ಲಿ ಸಿಗುವ ಮೆಲ್ಟನ್ ಮೋಬ್ರೆ ಪೈಗೆ ಹೆಸರಾದ ಊರು. ಆ ಪೈ ಹಂದಿಮಾಂಸದ್ದು, ಕೇಳದೆ ತೆಗೆದುಕೊಳ್ಳಬೇಡಿ. ಜೂನ್‌ನಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ಕತ್ತಲಾಗುತ್ತದೆ ಅಂತ ಗಡಿಬಿಡಿ ಬೇಡ.

ಪ್ರಶ್ನೆ: ಅಕ್ಕಾ, ಓದಲು ಇಂಗ್ಲೆಂಡಿಗೆ ಹೊರಟಿದ್ದೇನೆ. ಹಕ್ಕಿ ನೋಡುವ ಹುಚ್ಚು. ಜನವರಿಯಲ್ಲಿ ರಟ್ಲೆಂಡ್‌ಗೆ ಹೋದರೆ ಆಸ್ಪ್ರೆ ಸಿಗುತ್ತದಾ?
— ವಿದ್ಯಾರ್ಥಿ, ಕುಮಟಾ

ಉತ್ತರ: ಇಲ್ಲ ತಮ್ಮಾ. ಮೀನು ಹಿಡಿಯುವ ಈ ಗಿಡುಗ ಆಗ ಪಶ್ಚಿಮ ಆಫ್ರಿಕಾದಲ್ಲಿ ಇರುತ್ತದೆ. ಮಾರ್ಚ್‌ನಲ್ಲಿ ಬಂದು ಸೆಪ್ಟೆಂಬರ್ ಹೊತ್ತಿಗೆ ಹೊರಡುತ್ತದೆ. 1996ರಲ್ಲಿ ಸ್ಕಾಟ್‌ಲೆಂಡಿನಿಂದ ಮರಿ ತಂದು ಬಿಟ್ಟರು, 2001ರಲ್ಲಿ ಅಲ್ಲೇ ಮರಿ ಮಾಡಿತು. ಮೇ, ಜೂನ್‌ನಲ್ಲಿ ರಟ್ಲೆಂಡ್ ವಾಟರ್ ದಂಡೆಯ ಲಿಂಡನ್ ಕಡೆ, ಮರೆಯಲ್ಲಿ ಕೂತು ಹಕ್ಕಿ ನೋಡುವ ಮರೆಮನೆಗೆ ಹೋಗು, ಗೂಡೇ ಕಾಣುತ್ತದೆ. ಜನವರಿಯಲ್ಲೇ ಹೋಗುವುದಾದರೆ ಅದೇ ಜಲಾಶಯದ ಈಗಲ್ಟನ್ ಕಡೆ ಹೋಗು, ಬಾತುಗಳು ಸಾವಿರಗಟ್ಟಲೆ ಇಳಿದಿರುತ್ತವೆ. ಜನವರಿಯಲ್ಲೇ ಆಸ್ಪ್ರೆ ಬೇಕು ಅಂದರೆ ಹೊರಡುವ ಮೊದಲು ನಿನ್ನ ಮನೆ ಹತ್ತಿರದ ಅಘನಾಶಿನಿ ಅಳಿವೆಗೆ ಇಳಿತದ ಹೊತ್ತು ನೋಡಿಕೊಂಡು ಹೋಗು. ಚಳಿಗಾಲಕ್ಕೆ ಅದು ನಮ್ಮ ಕರಾವಳಿಗೂ ಬರುತ್ತದೆ. ನೀರಿನ ನಡುವೆ ನೆಟ್ಟ ಗೂಟಗಳ ತುದಿ ನೋಡುತ್ತಾ ಇರು, ಕೂರುವುದು ಅಲ್ಲೇ.